ಆಯಿಲ್ ಏರಿದೆಯಾ? ಇಂಜಿನ್ ಬಿಚ್ಚುವ ಮೊದಲು ಡೀಸೆಲ್ ಬರುವ ದಾರಿ ಹುಡುಕಿ

ಸಂಪಾದಕರಿಗೆ ನಮಸ್ಕಾರ.

ಕೊಯ್ಲು ಹತ್ತಿರ ಬಂದರೆ ನಿಮ್ಮ ಕೃಷಿ ಪುಟದಲ್ಲಿ ಭತ್ತದ ದರ, ಮೆಕ್ಕೆಜೋಳದ ತೇವಾಂಶ, ಭದ್ರಾ ನಾಲೆಯ ನೀರು, ಸೈನಿಕ ಹುಳು ಎಲ್ಲವನ್ನೂ ಓದುತ್ತೇವೆ. ಒಳ್ಳೆಯದೇ. ಆದರೆ ಆ ಬೆಳೆಯನ್ನು ಕೊಯ್ಯುವ, ಒಕ್ಕುವ, ಎಪಿಎಂಸಿಗೆ ಹೊತ್ತು ತರುವ ಇಂಜಿನ್‌ಗಳ ಬಗ್ಗೆ ಓದಿದ ನೆನಪು ನನಗಿಲ್ಲ. ನಾನು ದಾವಣಗೆರೆಯಲ್ಲಿ ಟ್ರಾಕ್ಟರ್, ಲಾರಿ ಇಂಜಿನ್ ಕೆಲಸ ಮಾಡುವವನು. ಪ್ರತಿ ಹಂಗಾಮಿನಲ್ಲೂ ನನ್ನ ಕಣ್ಣಿಗೆ ಬೀಳುವ ಒಂದು ರೋಗದ ಬಗ್ಗೆ ಬರೆಯುತ್ತಿದ್ದೇನೆ. ಇಂಜಿನ್ ಆಯಿಲ್ ಒಳಗೆ ಡೀಸೆಲ್ ಸೇರುವುದು. ಪತ್ರ ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಜಾಗ ಕೊಡಿ.

ಈ ರೋಗ ಶುರುವಿನಲ್ಲಿ ಒಳ್ಳೆಯ ಸುದ್ದಿಯ ಹಾಗೇ ಕಾಣುತ್ತದೆ, ಅದೇ ಇದರ ಕೆಟ್ಟ ಗುಣ. ಆಯಿಲ್ ಇಳಿದರೆ ಎಲ್ಲರಿಗೂ ಗಾಬರಿ. ಏರಿದರೆ ಯಾರಿಗೂ ಗಾಬರಿ ಇಲ್ಲ. "ಮಿಸ್ತ್ರಿ, ನಮ್ ಗಾಡಿ ಆಯಿಲೇ ತಿನ್ನಲ್ಲ ನೋಡ್ರಿ, ಹಾಕಿದ್ದಕ್ಕಿಂತ ಜಾಸ್ತಿನೇ ಐತಿ" ಅಂತ ಖುಷಿಯಿಂದ ಹೇಳುವ ರೈತರಿದ್ದಾರೆ. ಆಯಿಲ್ ತಾನಾಗಿ ಹುಟ್ಟುವುದಿಲ್ಲ ಅಲ್ವಾ? ಆಯಿಲ್ ಅಳೆಯುವ ಕಡ್ಡಿಯಲ್ಲಿ ಮಟ್ಟ ಏರಿದೆ ಅಂದರೆ ಚೇಂಬರ್ (ಇಂಜಿನ್ ಕೆಳಗೆ ಆಯಿಲ್ ನಿಲ್ಲುವ ತೊಟ್ಟಿ) ಒಳಗೆ ಬೇರೇನೋ ಬಂದು ಸೇರಿದೆ. ಅದು ನೀರಾಗಿರಬಹುದು. ಇಂಜಿನ್‌ಗೇ ಹೈಡ್ರಾಲಿಕ್ ಪಂಪ್ ಕೂರಿಸಿರುವ ಟ್ರಾಕ್ಟರ್ ಆದರೆ ಆ ಪಂಪಿನ ಸೀಲ್ ಹೋಗಿ ಹೈಡ್ರಾಲಿಕ್ ಆಯಿಲ್ ಬಂದಿರಬಹುದು. ಇಲ್ಲವೇ ಡೀಸೆಲ್. ನೀರು ಬಂದರೆ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗುತ್ತದೆ, ರೇಡಿಯೇಟರ್‌ನಲ್ಲಿ ನೀರು ಕಡಿಮೆಯಾಗುತ್ತದೆ, ಹಾಗಾಗಿ ಬೇಗ ಗೊತ್ತಾಗುತ್ತದೆ. ಡೀಸೆಲ್ ಬಂದರೆ ಬಣ್ಣ ಬದಲಾಗುವುದಿಲ್ಲ. ಕರಿ ಆಯಿಲ್ ಕರಿಯಾಗಿಯೇ ಇರುತ್ತದೆ, ತೆಳ್ಳಗಾಗುತ್ತದೆ ಅಷ್ಟೇ.

ತೆಳ್ಳಗಾದರೆ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾವು ಹಾಕುವ 15ಡಬ್ಲ್ಯೂ-40 ಆಯಿಲ್ ಹೊಸದಾಗಿದ್ದಾಗ 100 ಡಿಗ್ರಿ ಬಿಸಿಯಲ್ಲೂ 12.5ರಿಂದ 16.3 ಸೆಂಟಿಸ್ಟೋಕ್ಸ್‌ನಷ್ಟು (ಆಯಿಲ್ ದಪ್ಪ ಅಳೆಯುವ ಮಾನ) ದಪ್ಪ ಇರಬೇಕು. ಡೀಸೆಲ್ 40 ಡಿಗ್ರಿಯಲ್ಲೇ 2ರಿಂದ 4.5ರ ಒಳಗೆ ಇರುತ್ತದೆ, ಬಿಸಿ ಏರಿದಂತೆ ಇನ್ನೂ ತೆಳು. ಇವೆರಡೂ ಬೆರೆತ ಮೇಲೆ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟ್) ಮತ್ತು ಬೇರಿಂಗ್ ನಡುವೆ ನಿಲ್ಲಬೇಕಾದ ಆಯಿಲ್ ಪದರ ನಿಲ್ಲುವುದಿಲ್ಲ, ಲೋಹಕ್ಕೆ ಲೋಹ ತಾಗುತ್ತದೆ. ಮೊದಲು ಬಲಿಯಾಗುವುದು ಬೇರಿಂಗ್. ಟರ್ಬೊ ಇದ್ದರೆ ಅದರ ಶಾಫ್ಟ್ ಕೂಡ, ಯಾಕೆಂದರೆ ಅದು ತಿರುಗುವ ವೇಗದಲ್ಲಿ ಆಯಿಲ್ ಪದರ ಒಂದೇ ಅದಕ್ಕೆ ಆಸರೆ. ಸಿಲಿಂಡರ್ ಲೈನರ್, ಪಿಸ್ಟನ್ ರಿಂಗ್ ಸವೆಯುವುದು ಅದರ ಜೊತೆಗೇ ನಡೆಯುತ್ತದೆ. ಆಯಿಲ್‌ನಲ್ಲಿ ಮಸಿ, ಆಮ್ಲ ಎಲ್ಲ ಹಿಡಿದಿಡಲು ಬೆರೆಸಿರುವ ರಾಸಾಯನಿಕಗಳೂ ಡೀಸೆಲ್ ಬೆರೆತಷ್ಟು ದುರ್ಬಲ ಆಗುತ್ತವೆ.

ಒಂದು ಲೆಕ್ಕ ಹೇಳುತ್ತೇನೆ. ಚೇಂಬರ್ 8 ಲೀಟರ್ ಹಿಡಿಯುವ ಟ್ರಾಕ್ಟರ್ ಅಂದುಕೊಳ್ಳಿ. ಅರ್ಧ ಲೀಟರ್ ಡೀಸೆಲ್ ಸೇರಿದರೆ ನೂರಕ್ಕೆ ಸುಮಾರು 6 ಪಾಲು ಆಯಿತು. ಆಯಿಲ್ ಪರೀಕ್ಷೆ ಮಾಡುವ ಲ್ಯಾಬ್‌ಗಳು ಸಾಮಾನ್ಯವಾಗಿ 2-3 ಪಾಲಿಗೇ ಎಚ್ಚರಿಸುತ್ತವೆ, 5 ದಾಟಿದರೆ ಆ ಆಯಿಲ್ ಓಡಿಸಲು ಯೋಗ್ಯವಲ್ಲ ಅನ್ನುತ್ತವೆ. ಅರ್ಧ ಲೀಟರ್ ಅಂದರೆ ಕಡ್ಡಿಯಲ್ಲಿ ಗಮನ ಇಟ್ಟು ನೋಡದಿದ್ದರೆ ಕಾಣದಷ್ಟು ಏರಿಕೆ. ಇನ್ನೊಂದು ಮಾತು. ಮಟ್ಟ ಏರಿಲ್ಲ ಅಂದ ಮಾತ್ರಕ್ಕೆ ಡೀಸೆಲ್ ಸೇರಿಲ್ಲ ಅಂತಲೂ ಅಲ್ಲ. ಹಳೆಯ ಇಂಜಿನ್ ಒಂದಿಷ್ಟು ಆಯಿಲ್ ಸುಡುತ್ತಲೇ ಇರುತ್ತದೆ. ಅದು ಸುಟ್ಟಷ್ಟೇ ಡೀಸೆಲ್ ಬಂದು ಸೇರಿದರೆ ಕಡ್ಡಿಯಲ್ಲಿ ಮಟ್ಟ ಅಲ್ಲಾಡುವುದಿಲ್ಲ. ಮೊದಲೆಲ್ಲ ಆಗಾಗ ಆಯಿಲ್ ಮೇಲೆ ಹಾಕಿಸಿಕೊಳ್ಳುತ್ತಿದ್ದ ಗಾಡಿ ಇದ್ದಕ್ಕಿದ್ದ ಹಾಗೆ ಕೇಳುವುದನ್ನು ನಿಲ್ಲಿಸಿದರೆ, ಅದು ಸುಧಾರಿಸಿದೆ ಅಂತ ತಿಳಿಯಬೇಡಿ, ಪರೀಕ್ಷೆ ಮಾಡಿಸಿ.

ಬೇರಿಂಗ್ ಹೋದರೆ ದುಡ್ಡು ಹೋಗುತ್ತದೆ. ಪ್ರಾಣ ಹೋಗುವ ದಾರಿಯೂ ಇದರಲ್ಲಿ ಒಂದಿದೆ, ಅದನ್ನು ದಯವಿಟ್ಟು ಪೂರ್ತಿ ಪ್ರಕಟಿಸಿ. ಮಟ್ಟ ತುಂಬಾ ಏರಿದಾಗ ಕ್ರ್ಯಾಂಕ್ ಆಯಿಲ್ ಒಳಗೇ ಬಡಿಯಲು ಶುರು ಮಾಡುತ್ತದೆ. ಆ ತೆಳು ಆಯಿಲ್ ಮಂಜಿನಂತೆ ಎದ್ದು ಇಂಜಿನ್ ಒಳಗಿನ ಆವಿ ಬಿಡುವ ಬ್ರೀದರ್ ಪೈಪಿನ ಮೂಲಕ ಗಾಳಿ ಎಳೆಯುವ ಕಡೆಗೆ ಹೋಗುತ್ತದೆ. ಅಲ್ಲಿಂದ ಸಿಲಿಂಡರ್‌ಗೆ. ಡೀಸೆಲ್ ಇಂಜಿನ್‌ಗೆ ಉರಿಯುವ ಯಾವುದಾದರೂ ಸಾಕು, ಅದು ತನ್ನದೇ ಆಯಿಲ್ ಕುಡಿದು ಓಡಲು ಶುರು ಮಾಡುತ್ತದೆ. ಆಗ ಕೀ ತಿರುಗಿಸಿದರೂ, ಸ್ಟಾಪ್ ದಾರ ಎಳೆದರೂ ನಿಲ್ಲುವುದಿಲ್ಲ, ಯಾಕೆಂದರೆ ನೀವು ಮುಚ್ಚುತ್ತಿರುವುದು ಡೀಸೆಲ್ ದಾರಿಯನ್ನು, ಅದು ಉರಿಸುತ್ತಿರುವುದು ಆಯಿಲ್ ಅನ್ನು. ವೇಗ ಏರುತ್ತಲೇ ಹೋಗುತ್ತದೆ, ಬಿಳಿ-ನೀಲಿ ಹೊಗೆ ಮುಗಿಲು ಮುಟ್ಟುತ್ತದೆ, ಕೊನೆಗೆ ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದು ಹೊರಗೆ ಬರಬಹುದು. ಅದನ್ನು ನಿಲ್ಲಿಸಲು ಗಾಳಿ ಕಟ್ಟಬೇಕು. ಗಾಳಿ ಎಳೆಯುವ ಬಾಯಿಗೆ ಅಗಲವಾದ ಗಟ್ಟಿ ಹಲಗೆ ಒತ್ತಬೇಕು. ಕೈ ಇಡಬೇಡಿ, ಬಟ್ಟೆ ತುರುಕಬೇಡಿ, ಎರಡನ್ನೂ ಎಳೆದುಕೊಳ್ಳುವಷ್ಟು ಶಕ್ತಿ ಅದಕ್ಕಿರುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಹತ್ತಿರದಲ್ಲಿದ್ದರೆ ಅದನ್ನು ಆ ಬಾಯಿಗೆ ಬಿಡಬಹುದು. ವೇಗ ಇನ್ನೂ ಮಿತಿ ಮೀರಿಲ್ಲ, ಡ್ರೈವರ್ ಸೀಟಿನಲ್ಲೇ ಇದ್ದಾನೆ ಅಂದರೆ ದೊಡ್ಡ ಗೇರ್ ಹಾಕಿ, ಬ್ರೇಕ್ ಪೂರ್ತಿ ಒತ್ತಿ, ಕ್ಲಚ್ ಬಿಟ್ಟು ಇಂಜಿನ್ ಬಂದ್ ಮಾಡಬಹುದು. ಇವ್ಯಾವೂ ಆಗದಿದ್ದರೆ ದೂರ ಓಡಿ. ಸುತ್ತ ನಿಂತು ಮೊಬೈಲ್‌ನಲ್ಲಿ ವಿಡಿಯೊ ಮಾಡುವ ಹುಡುಗರನ್ನೂ ಎಳೆದುಕೊಂಡು ಹೋಗಿ.

ಈಗ ಪತ್ತೆ ಮಾಡುವ ವಿಷಯ. ಇದಕ್ಕೆ ದೊಡ್ಡ ಸಲಕರಣೆ ಬೇಕಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು, ಸಮತಟ್ಟು ಜಾಗದಲ್ಲಿ ಗಾಡಿ ನಿಂತಿರುವಾಗ, ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ನೋಡಿ. ಬದುವಿನ ಮೇಲೆ ಓರೆಯಾಗಿ ನಿಂತ ಟ್ರಾಕ್ಟರ್‌ನಲ್ಲಿ ನೋಡಿದರೆ ಮಟ್ಟ ಸುಳ್ಳು ಹೇಳುತ್ತದೆ. ಎಲ್ಲಿವರೆಗೆ ಇದೆ ಅನ್ನುವುದನ್ನು ತಾರೀಖು, ಅವರ್ ಮೀಟರ್ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನೆನಪಿನ ಮೇಲೆ ಹೋಗಬೇಡಿ. ಬರೆದಿಟ್ಟ ಮಟ್ಟ ಇದ್ದರೆ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮುಗಿದ ಹಾಗೆ.

ವಾಸನೆಯಿಂದ ಗೊತ್ತಾಗುತ್ತದೆ ಅಂತ ಹಲವರು ಹೇಳುತ್ತಾರೆ. ಜಾಸ್ತಿ ಸೇರಿದ್ದರೆ ಗೊತ್ತಾಗುತ್ತದೆ. ಸ್ವಲ್ಪ ಇದ್ದರೆ ನಮ್ಮಂಥ ದಿನವಿಡೀ ಡೀಸೆಲ್‌ನಲ್ಲೇ ಕೈ ಇಟ್ಟುಕೊಂಡವರ ಮೂಗಿಗೆ ನಂಬಿಕೆ ಸಾಲದು. ಅದಕ್ಕಿಂತ ಕಾಗದ ವಾಸಿ. ಶಾಲೆ ಲ್ಯಾಬಿನಲ್ಲಿ ಬಳಸುವ ಫಿಲ್ಟರ್ ಪೇಪರ್ ತಂದು, ಲೋಟದ ಬಾಯಿಯ ಮೇಲಿಟ್ಟು, ಬಿಸಿ ಇಂಜಿನ್‌ನ ಆಯಿಲ್ ಒಂದು ಹನಿ ಬಿಡಿ. ಪಕ್ಕದಲ್ಲಿ ಇನ್ನೊಂದು ಪೇಪರ್ ಮೇಲೆ ಅದೇ ಕಂಪನಿಯ ಹೊಸ ಆಯಿಲ್ ಒಂದು ಹನಿ. ಮರುದಿನ ಬೆಳಕಿಗೆ ಹಿಡಿದು ನೋಡಿ. ನಡುವೆ ಮಸಿಯ ಕಪ್ಪು ಇರುತ್ತದೆ, ಅದು ಸಹಜ. ಆ ಕಪ್ಪಿನ ಆಚೆ, ಹೊರ ಅಂಚಿನಲ್ಲಿ ತೆಳುವಾದ ಒದ್ದೆ ಉಂಗುರ ದೂರದವರೆಗೆ ಹರಡಿದ್ದರೆ ಡೀಸೆಲ್ ಬೆರೆತಿರುವ ಅನುಮಾನ ಬಲವಾಗುತ್ತದೆ. ಓರೆಯಾಗಿಟ್ಟ ಗಾಜಿನ ಮೇಲೆ ಎರಡೂ ಆಯಿಲ್ ಒಟ್ಟಿಗೆ ಬಿಟ್ಟು ಯಾವುದು ಮೊದಲು ಕೆಳಗೆ ಜಾರುತ್ತದೆ ಅಂತಲೂ ನೋಡಬಹುದು. ಎರಡೂ ಒಂದೇ ಬಿಸಿಯಲ್ಲಿರಬೇಕು ಅನ್ನುವುದು ಮರೆಯಬೇಡಿ. ಇವು ಅಂದಾಜಿನ ಪರೀಕ್ಷೆಗಳು. ಖಚಿತ ಬೇಕೆಂದರೆ ಲ್ಯಾಬಿಗೆ ಕಳಿಸಿ, ಅಲ್ಲಿ ದಪ್ಪವನ್ನೂ ಬೆಂಕಿ ಹಿಡಿಯುವ ಉಷ್ಣತೆಯನ್ನೂ ಅಳೆಯುತ್ತಾರೆ. ಹೊಸ ಇಂಜಿನ್ ಆಯಿಲ್ 200 ಡಿಗ್ರಿ ದಾಟಿದ ಮೇಲೇ ಕಿಡಿಗೆ ಹತ್ತುವುದು. ಡೀಸೆಲ್‌ಗೆ ನಮ್ಮ ದೇಶದ ಮಾನದಂಡ ಹಾಕಿರುವ ಕನಿಷ್ಠ ಮಿತಿ 35 ಡಿಗ್ರಿ. ಸ್ವಲ್ಪ ಡೀಸೆಲ್ ಬೆರೆತರೂ ಆಯಿಲ್ ಬೇಗ ಹೊತ್ತಿಕೊಳ್ಳುತ್ತದೆ. ಕೆಲವರು ಕಡ್ಡಿಗೆ ಅಂಟಿದ ಆಯಿಲ್‌ಗೆ ಬೆಂಕಿಕಡ್ಡಿ ಗೀರಿ ನೋಡುತ್ತಾರೆ. ಇಂಜಿನ್ ಪಕ್ಕದಲ್ಲಿ ನಿಂತು ಆ ಕೆಲಸ ಖಂಡಿತ ಬೇಡ.

ಡೀಸೆಲ್ ಇದೆ ಅಂತ ಗೊತ್ತಾಯಿತು. ಇಲ್ಲಿಂದ ಮುಂದೆ ನಮ್ಮ ಕಡೆ ಎರಡು ತಪ್ಪು ನಡೆಯುತ್ತವೆ. ಒಂದು, ಚೇಂಬರ್ ಬೋಲ್ಟ್ ಸಡಿಲಿಸಿ ಹೆಚ್ಚಾದ ಆಯಿಲ್ ಬಸಿದು, ಮಟ್ಟ ಸರಿ ಮಾಡಿಕೊಂಡು ಮತ್ತೆ ಗದ್ದೆಗೆ ಇಳಿಯುವುದು. ಮಾಳಿಗೆ ಸೋರುವಾಗ ನೆಲ ಒರೆಸುತ್ತಾ ಕೂತ ಹಾಗೆ. ಎರಡನೆಯದು ಇನ್ನೂ ದುಬಾರಿ. "ರಿಂಗ್ ಹೋಗಿದೆ, ಬೋರ್ ಮಾಡಿಸಿ" ಅಂತ ಇಡೀ ಇಂಜಿನ್ ಬಿಚ್ಚಿಸುವುದು. ರಿಂಗ್ ಸವೆದರೆ ಒಂದಿಷ್ಟು ಡೀಸೆಲ್ ಕೆಳಗಿಳಿಯುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಒಳ್ಳೆಯ ಕಂಪ್ರೆಶನ್ ಇರುವ, ತಣ್ಣಗಿದ್ದರೂ ಅರ್ಧ ಸೆಲ್ಫ್‌ಗೆ ಸ್ಟಾರ್ಟ್ ಆಗುವ, ಹೊಗೆ ಬಿಡದ ಇಂಜಿನ್‌ನಲ್ಲಿ ಆಯಿಲ್ ಬೇಗಬೇಗ ಏರುತ್ತಿದೆ ಅಂದರೆ ರಿಂಗ್ ಮೇಲೆ ಹಾಕುವುದು ಸರಿಯಲ್ಲ.

ಹೊನ್ನಾಳಿ ಕಡೆಯ ಒಬ್ಬ ರೈತರಿಗೆ ಹೀಗೇ ಆಯಿತು. ಆಯಿಲ್ ಏರುತ್ತಿತ್ತು, ಬಿಸಿಯಾದ ಮೇಲೆ ಸ್ಲೋನಲ್ಲಿ (ಗಾಡಿ ನಿಂತು ಇಂಜಿನ್ ಮಾತ್ರ ನಿಧಾನ ಓಡುವಾಗ) ಆಯಿಲ್ ಲೈಟ್ ಮಿಣುಕುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಪೂರ್ತಿ ಇಂಜಿನ್ ಕೆಲಸ ಮಾಡಿಸಿದರು. ಲೈನರ್, ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲ ಹೊಸದು. ಹತ್ತಾರು ಸಾವಿರ ಖರ್ಚು, ಅದೂ ಒಕ್ಕಣೆಯ ಕಾಲದಲ್ಲಿ ಟ್ರಾಕ್ಟರ್ ಗ್ಯಾರೇಜಿನಲ್ಲಿ ಕೂತು. ಹೊರಗೆ ಬಂದು ಕೆಲವೇ ವಾರದಲ್ಲಿ ಮತ್ತೆ ಆಯಿಲ್ ಏರಿತು. ನಮ್ಮಲ್ಲಿಗೆ ತಂದಾಗ ನೋಡಿದರೆ ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಹಳೆಯ ಫೀಡ್ ಪಂಪ್ ಅನ್ನೇ ಒರೆಸಿ ವಾಪಸ್ ಕೂರಿಸಿದ್ದಾರೆ. ಅದರೊಳಗಿನ ತಳ್ಳುವ ಕಡ್ಡಿ ಓಡಾಡುವ ಜಾಗ ಸವೆದು, ರಬ್ಬರ್ ಉಂಗುರ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಕೈಪಂಪ್ ಒತ್ತಿದರೆ ಡೀಸೆಲ್ ಜಿನುಗುವುದು ಕಣ್ಣಿಗೇ ಕಾಣುತ್ತಿತ್ತು. ಎಲ್ಲ ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಮಾತು, "ಇದನ್ನ ಮೊದಲೇ ಬಿಚ್ಚಿ ನೋಡೋಕೆ ಏನಾಗಿತ್ತಣ್ಣ?" ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಈ ಪತ್ರ ಬರೆಯುತ್ತಿದ್ದೇನೆ.

ಹುಡುಕುವ ಕ್ರಮ ಹೊರಗಿನಿಂದ ಒಳಕ್ಕೆ, ಅಗ್ಗದಿಂದ ದುಬಾರಿಗೆ ಹೋಗಬೇಕು. ಎಷ್ಟು ಬೇಗ ಏರುತ್ತಿದೆ ಅನ್ನುವುದು ಮೊದಲ ಸುಳಿವು. ಒಂದೆರಡು ದಿನದಲ್ಲೇ ಕಣ್ಣಿಗೆ ಕಾಣುವಷ್ಟು ಏರಿದರೆ ಸಾಮಾನ್ಯವಾಗಿ ಎಲ್ಲೋ ಸೀಲ್, ಫೀಡ್ ಪಂಪ್ ಇಲ್ಲವೇ ಒಳಗಿನ ಪೈಪ್ ಸೋರುತ್ತಿದೆ. ವಾರಗಟ್ಟಲೆ ನಿಧಾನವಾಗಿ ಏರಿದರೆ ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ನಾಝಲ್ ಹನಿಯುವುದೋ, ಸುಮ್ನೆ ಸ್ಲೋನಲ್ಲಿ ಬಿಡುವ ಅಭ್ಯಾಸವೋ ಕಾರಣ ಇರಬಹುದು. ಎಪಿಎಂಸಿ ಸರತಿಯಲ್ಲಿ, ರೈಸ್ ಮಿಲ್ ಮುಂದೆ ಗಂಟೆಗಟ್ಟಲೆ ಇಂಜಿನ್ ಬಂದ್ ಮಾಡದೆ ನಿಲ್ಲಿಸುವವರು ಬಹಳ ಜನ. ಲೋಡ್ ಇಲ್ಲದ ತಣ್ಣನೆ ಇಂಜಿನ್‌ನಲ್ಲಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಉಳಿದದ್ದು ಲೈನರ್ ಗೋಡೆ ತೊಳೆದುಕೊಂಡು ಕೆಳಗಿಳಿಯುತ್ತದೆ.

ಟ್ರಾಕ್ಟರ್‌ನಲ್ಲಿ ಟ್ಯಾಂಕ್ ಪಂಪಿಗಿಂತ ಮೇಲಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ರಾತ್ರಿ ಇಂಜಿನ್ ಬಂದ್ ಮಾಡಿ, ಮೇಲಿನ ಆಯಿಲ್ ಎಲ್ಲ ಇಳಿಯಲು ಒಂದು ಗಂಟೆ ಬಿಟ್ಟು ಮಟ್ಟ ಗುರುತು ಮಾಡಿ. ಟ್ಯಾಂಕಿನ ಕಾಕ್ ತೆರೆದೇ ಇರಲಿ. ಬೆಳಿಗ್ಗೆ ನೋಡಿದಾಗ ಓಡದೇ ನಿಂತ ಇಂಜಿನ್‌ನಲ್ಲೂ ಮಟ್ಟ ಏರಿದ್ದರೆ ಅದು ರಿಂಗ್ ಕೆಲಸ ಅಲ್ಲ. ಟ್ಯಾಂಕಿನ ಡೀಸೆಲ್ ತನ್ನ ಭಾರಕ್ಕೇ ಸೋರಿ ಒಳಗೆ ಇಳಿಯುತ್ತಿದೆ. ಇನ್ನೊಂದು ರಾತ್ರಿ ಕಾಕ್ ಬಂದ್ ಮಾಡಿ ನೋಡಿ, ಏರದಿದ್ದರೆ ಇನ್ನೂ ಗಟ್ಟಿಯಾಯಿತು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಏರಲಿಲ್ಲ ಅಂದ ಮಾತ್ರಕ್ಕೆ ಪಂಪ್ ಚೆನ್ನಾಗಿದೆ ಅಂತ ಹೇಳಲಾಗದು, ಕೆಲವು ಸೋರಿಕೆ ಒತ್ತಡ ಬಂದಾಗಲೇ ಶುರುವಾಗುತ್ತವೆ.

ಮೊದಲು ಫೀಡ್ ಪಂಪ್ ಬಿಚ್ಚಿ. ಇಂಜಿನ್ ಕ್ಯಾಮ್‌ನಿಂದ ಓಡುವ ಡಯಾಫ್ರಾಮ್ ಪಂಪ್ ಆದರೆ ಒಳಗಿನ ಪರದೆ ಹರಿದಾಗ ಡೀಸೆಲ್ ನೇರ ಚೇಂಬರ್‌ಗೆ ಬೀಳುತ್ತದೆ. ಹಲವು ಪಂಪ್‌ಗಳಲ್ಲಿ ಸೋರಿದ್ದು ಹೊರಗೆ ಕಾಣಲಿ ಅಂತಲೇ ಸಣ್ಣ ತೂತು ಕೊಟ್ಟಿರುತ್ತಾರೆ. ನಮ್ಮ ಕೆಸರುಗದ್ದೆಯಲ್ಲಿ ಆ ತೂತು ಮಣ್ಣು, ಗ್ರೀಸ್ ಮೆತ್ತಿಕೊಂಡು ಮುಚ್ಚಿಹೋಗಿರುತ್ತದೆ. ಅದನ್ನು ಚೊಕ್ಕ ಮಾಡಿಟ್ಟುಕೊಂಡರೆ ಪಂಪೇ ನಿಮಗೆ ಮೊದಲು ಸುದ್ದಿ ಹೇಳುತ್ತದೆ.

ಆಮೇಲೆ ನಾಝಲ್‌ಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಇಂಜೆಕ್ಷನ್ ಪಂಪ್. ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಮೈಕೋ ಕಂಪನಿ 2008ರಲ್ಲೇ ಬಾಷ್ ಅಂತ ಹೆಸರು ಬದಲಿಸಿಕೊಂಡರೂ ನಮ್ಮ ಗ್ಯಾರೇಜ್‌ಗಳಲ್ಲಿ ಇವತ್ತಿಗೂ ಅದು ಮೈಕೋ ಪಂಪೇ. ಸಾಲು ಪಂಪ್ ಆದರೆ ಪ್ರತಿ ಸಿಲಿಂಡರ್‌ಗೂ ಒಂದು ಎಲಿಮೆಂಟ್ (ಡೀಸೆಲ್ ತಳ್ಳುವ ಪ್ಲಂಜರ್ ಜೋಡಿ) ಇರುತ್ತದೆ. ಎಲಿಮೆಂಟ್ ಸವೆದರೆ ಡೀಸೆಲ್ ಅದರ ಪಕ್ಕದಿಂದ ಜಾರಿ ಪಂಪಿನ ಕ್ಯಾಮ್ ಇರುವ ಕೆಳಭಾಗಕ್ಕೆ ಇಳಿಯುತ್ತದೆ. ಆ ಭಾಗಕ್ಕೆ ಬೇರೆಯೇ ಆಯಿಲ್ ಹಾಕುವ ಮಾದರಿಯಲ್ಲಿ ಅಲ್ಲೇ ಮಟ್ಟ ಏರಿ ಹೊರಗೆ ಉಕ್ಕುತ್ತದೆ. ಇಂಜಿನ್ ಆಯಿಲ್ಲೇ ಪಂಪಿನೊಳಗೂ ಸುತ್ತುವ ಮಾದರಿಯಲ್ಲಿ ಸೀದಾ ಚೇಂಬರ್ ಸೇರುತ್ತದೆ. ನಿಮ್ಮ ಗಾಡಿಯದು ಯಾವ ಮಾದರಿ ಅನ್ನುವುದನ್ನು ಮೊದಲು ಕೇಳಿ ತಿಳಿದುಕೊಳ್ಳಿ. ರೋಟರಿ ಪಂಪ್ ಆದರೆ ಒಳಗೆಲ್ಲ ಡೀಸೆಲ್ಲೇ ತುಂಬಿರುತ್ತದೆ. ಶಾಫ್ಟಿನ ಸೀಲ್ ಗಟ್ಟಿಯಾಗಿ ಬಿರಿದರೆ ಟೈಮಿಂಗ್ ಗೇರ್ ಕೇಸಿನ ದಾರಿ ಹಿಡಿದು ಚೇಂಬರ್‌ಗೆ ಹೋಗುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಈ ಎರಡೂ ಕೆಲಸ ಪಂಪ್ ರಿಪೇರಿಯನ್ನೇ ಮಾಡುವ ಪಂಪ್ ರೂಮಿನದ್ದು. ಟೆಸ್ಟ್ ಬೆಂಚ್ ಮೇಲೆ ಕೂರಿಸಿ, ಕ್ಯಾಲಿಬ್ರೇಶನ್ ಮಾಡಿಸಿಯೇ ವಾಪಸ್ ಹಾಕಬೇಕು. ಗ್ಯಾರೇಜಿನ ಮೂಲೆಯಲ್ಲಿ ಕೂತು ಪಂಪ್ ಬಿಚ್ಚುವುದು ಬೇಡ.

ಕೆಲವು ಇಂಜಿನ್‌ಗಳಲ್ಲಿ ಇಂಜೆಕ್ಟರ್‌ನ (ನಾಝಲ್ ಕೂರುವ ಭಾಗ) ರಿಟರ್ನ್ ಪೈಪ್, ಅಂದರೆ ಮಿಕ್ಕ ಡೀಸೆಲ್ ವಾಪಸ್ ಹೋಗುವ ಪೈಪ್, ಇಂಜಿನ್ ಮೇಲಿನ ಟ್ಯಾಪೆಟ್ ಕವರಿನ ಒಳಗೇ ಇರುತ್ತದೆ. ಅಲ್ಲಿ ಒಂದು ತಾಮ್ರದ ವಾಷರ್ ಸರಿಯಾಗಿ ಕೂರದಿದ್ದರೆ ಸಾಕು. ನಾಝಲ್ ಕೆಲಸ ಮಾಡಿಸಿದ ನಂತರವೇ ಆಯಿಲ್ ಏರಲು ಶುರುವಾಗಿದ್ದರೆ ನಾನು ಮೊದಲು ನೋಡುವುದು ಇದನ್ನೇ. ಹಳೆಯ ವಾಷರ್ ವಾಪಸ್ ಹಾಕುವ ಚಾಳಿ ಬಿಡಬೇಕು. ಆಯಿಲ್ ಚಿಮ್ಮುವ ಜಾಗದಲ್ಲಿ ಡೀಸೆಲ್ ಸೋರುವುದನ್ನು ಬರಿಗಣ್ಣಿನಲ್ಲಿ ಹಿಡಿಯುವುದು ಕಷ್ಟ. ಡೀಸೆಲ್‌ಗೆ ಬೆರೆಸುವ ಹೊಳೆಯುವ ಬಣ್ಣ ಸಿಗುತ್ತದೆ. ಅದನ್ನು ಟ್ಯಾಂಕಿಗೆ ಹಾಕಿ ಸ್ವಲ್ಪ ಓಡಿಸಿ, ಬಂದ್ ಮಾಡಿ, ಕವರ್ ತೆಗೆದು ನೋಟು ಪರೀಕ್ಷೆ ಮಾಡುವಂಥ ನೇರಳೆ ಟಾರ್ಚ್ ಬಿಟ್ಟರೆ ಸೋರುವ ಜಾಗ ಹಸಿರು-ಹಳದಿಯಾಗಿ ಹೊಳೆಯುತ್ತದೆ.

ನಾಝಲ್ ಪರೀಕ್ಷೆಗೆ ಟೆಸ್ಟರ್ ಬೇಕು. ಹಳೆಯ ಮಾದರಿಯ ನಾಝಲ್ ಸುಮಾರು 200 ಬಾರ್ ಒತ್ತಡಕ್ಕೆ ತೆರೆಯುತ್ತದೆ, ಮಾದರಿಯಿಂದ ಮಾದರಿಗೆ ಹೆಚ್ಚುಕಡಿಮೆ ಇದೆ. ತೆರೆಯುವ ಒತ್ತಡಕ್ಕಿಂತ 20 ಬಾರ್ ಕಡಿಮೆ ಇಟ್ಟು 10 ಸೆಕೆಂಡ್ ಹಿಡಿದರೆ ತುದಿಯಿಂದ ಹನಿ ಬೀಳಬಾರದು. ಬಿದ್ದರೆ ಆ ನಾಝಲ್ ಸಿಲಿಂಡರ್ ಒಳಗೂ ಹನಿಯುತ್ತಿರುತ್ತದೆ. ಅಂಥ ಇಂಜಿನ್ ಸಾಮಾನ್ಯವಾಗಿ ಬೇರೆ ಸುಳಿವೂ ಕೊಡುತ್ತದೆ. ಬೆಳಿಗ್ಗೆ ಬಿಳಿ ಹೊಗೆ, ಲೋಡ್‌ನಲ್ಲಿ ಕರಿ ಹೊಗೆ, ಒಂದು ಸಿಲಿಂಡರ್ ಬಡಿದ ಸದ್ದು. ಟೆಸ್ಟರ್ ಮುಂದೆ ಕೈ ಒಡ್ಡಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಗುರುತು, ಒಳಗೆ ಕೈಯೇ ಕಳೆದುಕೊಳ್ಳುವ ಗಾಯ. ಹಾಗಾದರೆ ನೋವಿಲ್ಲ ಅಂತ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಗೆ ಹೊಕ್ಕಿದೆ ಅಂತ ಡಾಕ್ಟರಿಗೆ ಹೇಳಬೇಕು. ಕಾಮನ್ ರೈಲ್ ಗಾಡಿಗಳಲ್ಲಿ (ಎಲ್ಲ ಇಂಜೆಕ್ಟರ್‌ಗೂ ಒಂದೇ ಒತ್ತಡದ ಪೈಪಿನಿಂದ ಡೀಸೆಲ್ ಹೋಗುವ ಹೊಸ ಮಾದರಿ) ಒತ್ತಡ 1,600 ಬಾರ್ ದಾಟುವುದೂ ಇದೆ, ಓಡುವ ಇಂಜಿನ್‌ನಲ್ಲಿ ಪೈಪ್ ಸಡಿಲಿಸುವ ಹಳೆಯ ಪದ್ಧತಿ ಅಲ್ಲಿ ಪ್ರಾಣಕ್ಕೇ ಅಪಾಯ. ಅಲ್ಲಿ ಪ್ರತಿ ಇಂಜೆಕ್ಟರ್‌ನ ರಿಟರ್ನ್‌ಗೆ ಒಂದೊಂದು ಬಾಟಲಿ ಹಾಕಿ ಯಾವುದು ಜಾಸ್ತಿ ವಾಪಸ್ ಬಿಡುತ್ತಿದೆ ಅಂತ ನೋಡಬಹುದು. ಅದರಿಂದ ಇಂಜೆಕ್ಟರ್ ಸವೆತ ಗೊತ್ತಾಗುತ್ತದೆ, ಓ-ರಿಂಗ್ ಸೋರಿಕೆಯನ್ನು ಬೇರೆಯಾಗಿಯೇ ಹುಡುಕಬೇಕು.

ಹೊಸ ಗಾಡಿಗಳ ಬಗ್ಗೆ ಒಂದು ಮಾತು. 2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಬಂತು. ಈ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ತುಂಬಿದಾಗ ಮಸಿ ಸುಡಲು ಇಂಜಿನ್ ಹೆಚ್ಚುವರಿ ಡೀಸೆಲ್ ಬಳಸುತ್ತದೆ. ಹಲವು ಗಾಡಿಗಳಲ್ಲಿ ಅದನ್ನು ಸಿಲಿಂಡರ್ ಒಳಗೇ ತಡವಾಗಿ ಬಿಡುತ್ತಾರೆ, ಅದರಲ್ಲಿ ಒಂದಿಷ್ಟು ಗೋಡೆಗೆ ಬಡಿದು ಆಯಿಲ್ ಸೇರುತ್ತದೆ. ಊರೊಳಗೇ ಸಣ್ಣ ಸಣ್ಣ ಸುತ್ತು ಹೊಡೆಯುವ ಗಾಡಿಯಲ್ಲಿ ಆ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಮತ್ತೆ ಮತ್ತೆ ಶುರುವಾಗುತ್ತದೆ, ಆಯಿಲ್ ಏರುತ್ತದೆ. ಇಲ್ಲಿ ಯಾವ ಸೀಲೂ ಕೆಟ್ಟಿರುವುದಿಲ್ಲ. ಫಿಲ್ಟರ್ ಲೈಟ್ ಬಂದರೆ ಗಾಡಿಯ ಪುಸ್ತಕದಲ್ಲಿ ಹೇಳಿದ ಹಾಗೆ ಹೆದ್ದಾರಿಗೆ ಹೋಗಿ ಒಂದೇ ವೇಗದಲ್ಲಿ ಓಡಿಸಿ, ನಡುವೆ ಬಂದ್ ಮಾಡಬೇಡಿ. ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಒಂದು ಸುತ್ತು ಹೋಗಿ ಬಂದರೆ ಸಾಮಾನ್ಯವಾಗಿ ಕೆಲಸ ಆಗುತ್ತದೆ. 50 ಎಚ್‌ಪಿ ಮೀರಿದ ಟ್ರಾಕ್ಟರ್‌ಗಳಿಗೂ 2023ರಿಂದ ಹೊಸ ಹೊಗೆ ನಿಯಮ ಬಂದು ಕಾಮನ್ ರೈಲ್ ಇಂಜಿನ್‌ಗಳು ಹೊಲಕ್ಕೆ ಇಳಿದಿವೆ, ಹಾಗಾಗಿ ಇದು ಇನ್ನು ಲಾರಿಯವರ ತಲೆನೋವು ಮಾತ್ರ ಅಲ್ಲ.

ಸೋರುವ ಜಾಗ ಸರಿಯಾದ ಮೇಲೆ ಹಳೆಯ ಆಯಿಲ್ ಪೂರ್ತಿ ಬಸಿಯಬೇಕು, ಫಿಲ್ಟರ್ ಬದಲಿಸಬೇಕು. "ನಿನ್ನೆ ಮೊನ್ನೆ ಹಾಕಿಸಿದ್ದು, ಇರಲಿ ಬಿಡಿ" ಅನ್ನುವವರಿಗೆ ನಾನು ಗಾಡಿ ಸ್ಟಾರ್ಟ್ ಮಾಡಿ ಕೊಡುವುದಿಲ್ಲ. ತೆಗೆದ ಫಿಲ್ಟರ್ ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಡಿಸಿ ನೋಡಿ. ತಾಮ್ರ ಬಣ್ಣದ, ಬೆಳ್ಳಿ ಬಣ್ಣದ ಚೂರು ಮಿನುಗಿದರೆ ಬೇರಿಂಗ್‌ಗೆ ಪೆಟ್ಟು ಬಿದ್ದಿದೆ. ಹೊಸ ಆಯಿಲ್ ಹಾಕಿ, ಬಿಸಿಯಾದ ಮೇಲೂ ಒತ್ತಡ ಕಡಿಮೆ ಇದ್ದರೆ ಆಗ ಚೇಂಬರ್ ಇಳಿಸಿ ಬೇರಿಂಗ್ ನೋಡಲೇಬೇಕು. ಲಾರಿಯಲ್ಲಿ ಅದು ಸುಲಭ, ಹಲವು ಟ್ರಾಕ್ಟರ್‌ಗಳಲ್ಲಿ ಚೇಂಬರ್ರೇ ಗಾಡಿಯ ಭಾರ ಹೊರುವ ಭಾಗ ಆಗಿರುವುದರಿಂದ ಕೆಲಸ ದೊಡ್ಡದು. ಒತ್ತಡವನ್ನು ಲೈಟ್ ನೋಡಿ ಹೇಳದೆ ಮುಳ್ಳಿರುವ ಗೇಜ್ ಹಾಕಿ ಅಳೆಯಲು ಹೇಳಿ. ಆಮೇಲೆ ಕೆಲವು ದಿನ ದಿನಾ ಬೆಳಿಗ್ಗೆ ಮಟ್ಟ ನೋಡಿ ಬರೆದಿಡಿ. ಏರದೆ ನಿಂತರೆ ಮಾತ್ರ ರಿಪೇರಿ ಮುಗಿಯಿತು ಅಂತ ನಂಬಿ.

ಬಸಿದ ಆಯಿಲ್ ಏನು ಮಾಡುತ್ತೀರಿ? ಸೆಂಟ್ರಿಂಗ್ ಹಲಗೆಗೆ ಬಳಿಯಲು ಕೊಡುತ್ತಾರೆ, ಒಲೆ ಹತ್ತಿಸಲು ಒಯ್ಯುತ್ತಾರೆ, ನಾಲೆ ದಂಡೆಯಲ್ಲಿ ಚೆಲ್ಲುತ್ತಾರೆ. ಡೀಸೆಲ್ ಬೆರೆತದ್ದು ಬರೀ ಆಯಿಲ್‌ಗಿಂತ ಬೇಗ ಹೊತ್ತಿಕೊಳ್ಳುತ್ತದೆ, ಮನೆಯ ಒಲೆ ಹತ್ತಿರ ಇಡುವ ವಸ್ತುವೇ ಅಲ್ಲ. ಬಳಸಿದ ಆಯಿಲ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ, ಅದು ಅನುಮತಿ ಇರುವ ಮರುಬಳಕೆದಾರರಿಗೇ ಹೋಗಬೇಕು. ಡ್ರಮ್ ಮುಚ್ಚಿಟ್ಟು ಅವರಿಗೇ ಕೊಡಿ. ಮಲೇಬೆನ್ನೂರು, ಹರಿಹರದ ಕಡೆ ಅದೇ ನಾಲೆಯ ನೀರಿನಲ್ಲಿ ನಮ್ಮ ಭತ್ತ ಬೆಳೆಯುತ್ತದೆ.

ಈಗ ನನ್ನ ಬೇಡಿಕೆ. ಗ್ಯಾರೇಜ್ ನಡೆಸುವ ನಮ್ಮ ಬಂಧುಗಳಿಗೆ ಒಂದು ಮಾತು: ಆಯಿಲ್ ಏರಿದೆ ಅಂತ ಬಂದ ಗಾಡಿಯ ಹೆಡ್ ಬಿಚ್ಚುವ ಮೊದಲು ಫೀಡ್ ಪಂಪ್, ಪಂಪ್ ಸೀಲ್, ನಾಝಲ್ ಮೂರನ್ನೂ ನೋಡಿ, ಏನು ಸಿಕ್ಕಿತು ಅಂತ ಬಿಲ್ಲಿನ ಮೇಲೆ ಬರೆದು ಕೊಡಿ, ತೆಗೆದ ಸಾಮಾನು ಮಾಲೀಕರ ಕೈಗೆ ಕೊಡಿ. ರೈತರು, ಲಾರಿ ಮಾಲೀಕರು ಅದನ್ನು ಕೇಳಿ ಪಡೆಯಿರಿ, ಸಂಕೋಚ ಬೇಡ, ದುಡ್ಡು ನಿಮ್ಮದು. ಹೋಬಳಿಗಳಲ್ಲಿ ಯಂತ್ರ ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳು ಪ್ರತಿ ಟ್ರಾಕ್ಟರ್‌ಗೆ ಆಯಿಲ್ ಮಟ್ಟದ ಪುಸ್ತಕ ಇಡಲಿ. ಬಾಡಿಗೆ ಗಾಡಿಯನ್ನು ದಿನಕ್ಕೊಬ್ಬ ಡ್ರೈವರ್ ಓಡಿಸುವಾಗ ಮಟ್ಟ ಏರಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕೃಷಿ ಇಲಾಖೆ, ನಮ್ಮ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಜಿಲ್ಲೆಯ ಐಟಿಐಗಳು ಸೇರಿ ಮಳೆಗಾಲದ ಬೆಳೆಯ ಕೊಯ್ಲಿಗೆ ಮೊದಲು ಒಮ್ಮೆ, ಬೇಸಿಗೆ ಭತ್ತದ ಕೊಯ್ಲಿಗೆ ಮೊದಲು ಒಮ್ಮೆ, ಹೋಬಳಿಗೊಂದು ದಿನದ ಇಂಜಿನ್ ತಪಾಸಣೆ ಶಿಬಿರ ಮಾಡಬೇಕು. ದೊಡ್ಡ ವೇದಿಕೆ, ಶಾಮಿಯಾನ ಬೇಡ. ಸಮತಟ್ಟು ಬಯಲು, ಫಿಲ್ಟರ್ ಪೇಪರ್, ಒಂದು ಪ್ರೆಶರ್ ಗೇಜ್, ಒಂದು ನಾಝಲ್ ಟೆಸ್ಟರ್ ಸಾಕು. ಐಟಿಐ ಡೀಸೆಲ್ ಮೆಕ್ಯಾನಿಕ್ ಹುಡುಗರಿಗೂ ಅದೊಂದು ದಿನದ ಒಳ್ಳೆಯ ಪಾಠ. ಮೊದಲ ಶಿಬಿರ ಮಲೇಬೆನ್ನೂರಿನಲ್ಲೋ ಹೊನ್ನಾಳಿಯಲ್ಲೋ ಇಟ್ಟುಕೊಳ್ಳಲಿ. ಟೆಸ್ಟರ್ ನಾನೇ ತರುತ್ತೇನೆ, ಇಡೀ ದಿನ ನಿಂತು ಕೆಲಸ ಮಾಡುತ್ತೇನೆ, ಸಂಬಳ ಬೇಡ.

ಇತಿ,
ಡೀಸೆಲ್ ಇಂಜಿನ್ ಮೆಕ್ಯಾನಿಕ್, ದಾವಣಗೆರೆ